ಪಕ್ಕದ ಲ್ಯಾಬಿನ ನಗು

"ಮೇಡಂ, ನಾ ಈ ಕಾಲೇಜ್ ಬಿಡ್ತೀನ್ರಿ" ಎಂದು ಒಬ್ಬ ವಿದ್ಯಾರ್ಥಿ ಎದುರು ಬಂದು ನಿಂತಾಗ ಏನು ಹೇಳಬೇಕೆಂದು ನಮಗೆ ಯಾವ ತರಬೇತಿಯಲ್ಲೂ ಕಲಿಸಿರಲಿಲ್ಲ. ಮೊದಲು ಬಳ್ಳಾರಿಯ ಒಂದು ಖಾಸಗಿ ಪದವಿ ಕಾಲೇಜಿನಲ್ಲಿ, ಆಮೇಲೆ ಸಿರುಗುಪ್ಪದಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿ ಹೋದ ವರ್ಷ ನಿವೃತ್ತಳಾದೆ. ಬಿಡುತ್ತೇನೆಂಬ ಆ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದೆನೋ ನೆನಪಿಲ್ಲ. ಒಮ್ಮೆ ಅದು ನನ್ನ ಬಾಯಿಂದಲೇ ಬಂತು. ಈ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವವರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ. ಪಾಠ ಮಾಡುವುದು ಹೇಗೆಂದು ಹೇಳುವವರು ನಿಮಗೆ ಬೇಕಾದಷ್ಟು ಜನ ಸಿಗುತ್ತಾರೆ. ನಿಮಗಿಂತ ಚೆನ್ನಾಗಿ ಪಾಠ ಮಾಡುವವರನ್ನು ಪಕ್ಕದ ಕೋಣೆಯಲ್ಲೇ ಇಟ್ಟುಕೊಂಡು ದಿನ ಕಳೆಯುವುದು ಹೇಗೆಂದು ಯಾರೂ ಹೇಳುವುದಿಲ್ಲ.

ನನ್ನ ಪಕ್ಕದ ಕೋಣೆಯವರ ಹೆಸರು ನಾಗರತ್ನ. ಇಬ್ಬರೂ ಒಂದೇ ವರ್ಷ ಸೇರಿದವರು, ಒಂದೇ ವಿಷಯದವರು. ನನ್ನ ನೋಟ್ಸು ಅಚ್ಚುಕಟ್ಟು. ಬೋರ್ಡಿನ ಮೇಲೆ ನಾನು ಬಿಡಿಸಿದ ಹೂವಿನ ಚಿತ್ರವನ್ನು ಮುಂದಿನ ತರಗತಿಯವರು ಅಳಿಸಲು ಹಿಂದೆಮುಂದೆ ನೋಡುತ್ತಿದ್ದರು. ಹಾಜರಿ ಕರೆಯದೆಯೇ ಯಾರು ಬಂದಿಲ್ಲವೆಂದು ಹೇಳಬಲ್ಲವಳಾಗಿದ್ದೆ. ನಾಗರತ್ನರಿಗೆ ಒಬ್ಬರ ಹೆಸರೂ ನೆನಪಿರುತ್ತಿರಲಿಲ್ಲ. ಹುಡುಗರೆಲ್ಲ "ತಮ್ಮ", ಹುಡುಗಿಯರೆಲ್ಲ "ಯವ್ವಾ". ಪಾಠದ ನಡುವೆ ಎಲ್ಲಿಗೆ ಬಂದಿದ್ದೆವೆಂದು ಹುಡುಗರನ್ನೇ ಕೇಳುತ್ತಿದ್ದರು. ಆದರೂ ಮಧ್ಯಾಹ್ನ ಬುತ್ತಿ ಡಬ್ಬಿ ಹಿಡಿದ ಹುಡುಗರು ಹೋಗುತ್ತಿದ್ದುದು ಅವರ ಲ್ಯಾಬಿಗೆ. ಪ್ರವಾಸಕ್ಕೆ ಹೊರಟರೆ ಬಸ್ಸಿನಲ್ಲಿ ಅವರ ಪಕ್ಕದ ಸೀಟಿಗೆ ಜಗಳವಾಗುತ್ತಿತ್ತು. ನನ್ನ ಪಕ್ಕದಲ್ಲಿ ಯಾವಾಗಲೂ ಗಿಡದ ಮಾದರಿಗಳನ್ನು ಒತ್ತಿ ಒಣಗಿಸುವ ಹಲಗೆಗಳು ಕೂತಿರುತ್ತಿದ್ದವು.

ಎರಡು ಲ್ಯಾಬುಗಳ ನಡುವೆ ಇದ್ದದ್ದು ಬರೀ ಒಂದು ಮರದ ಗೋಡೆ. ಅತ್ತ ಕಡೆಯಿಂದ ನಗು ಎದ್ದಾಗಲೆಲ್ಲ ಕಾಂಡ ಸೀಳುತ್ತಿದ್ದ ನನ್ನ ಕೈಯ ಬ್ಲೇಡು ನಿಲ್ಲುತ್ತಿತ್ತು. ಏನು ಹೇಳಿ ನಗಿಸಿದರೋ ಎಂದು ಕಿವಿಗೊಡುತ್ತಿದ್ದೆ. ಕೆಲವೊಮ್ಮೆ ಮಾತು ಸ್ಪಷ್ಟವಾಗಿಯೇ ಕೇಳಿಸುತ್ತಿತ್ತು. ಅದರಲ್ಲಿ ನಗುವಂಥದ್ದೇನೂ ಇರುತ್ತಿರಲಿಲ್ಲ. ಅದು ನನ್ನನ್ನು ಇನ್ನಷ್ಟು ಉರಿಸುತ್ತಿತ್ತು. ಅದೇ ಮಾತನ್ನು ನಾನು ಮರುದಿನ ನನ್ನ ತರಗತಿಯಲ್ಲಿ ಹೇಳಿ ನೋಡಿದ್ದೂ ಉಂಟು. ಹುಡುಗರು ಅದನ್ನು ನೋಟ್ಸಿನಲ್ಲಿ ಬರೆದುಕೊಂಡರು.

ಆಗ ನಮ್ಮ ಪ್ರಿನ್ಸಿಪಾಲರು ವಿರೂಪಾಕ್ಷಪ್ಪನವರು. ಗಣಿತದವರು, ಮಿತಭಾಷಿ. ವರ್ಷದ ನಡುವೆ ಟಿ.ಸಿ. ಕೇಳಿಕೊಂಡು ಬರುವ ಹುಡುಗರು ಹೆಚ್ಚಾದಾಗ ಅವರು ಒಂದು ಕ್ರಮ ಮಾಡಿದರು. ಕಾಲೇಜು ಬಿಡುತ್ತೇನೆ ಅನ್ನುವವರ ಜೊತೆ ಯಾರಾದರೂ ಅಧ್ಯಾಪಕರು ಕೂತು ಮಾತಾಡಬೇಕು, ಆಮೇಲಷ್ಟೇ ಟಿ.ಸಿ. ಆ ಕೆಲಸಕ್ಕೆ ನನ್ನನ್ನು ಕರೆದರು. ನನಗೆ ಹೆಮ್ಮೆಯಾಯಿತು. ಹೊರಡುವಾಗ ಅವರು ಇನ್ನೊಂದು ಮಾತು ಸೇರಿಸಿದರು: "ನಾಗರತ್ನ ಮೇಡಂಗೆ ಹೇಳಬೇಕಂತಿದ್ದೆ. ಅವರ ಲ್ಯಾಬಿನಾಗ ಯಾವಾಗ ನೋಡಿದ್ರೂ ಹುಡುಗ್ರು ತುಂಬಿರ್ತಾರ. ನಿಮಗಾದ್ರ ಸ್ವಲ್ಪ ಪುರುಸೊತ್ತು ಇರ್ತೈತಿ."

ಪುರುಸೊತ್ತು ಇದ್ದದ್ದು ನಿಜ. ಆ ಮಾತನ್ನು ಮಾತ್ರ ನಾನು ವರ್ಷಗಟ್ಟಲೆ ಹೊತ್ತುಕೊಂಡು ತಿರುಗಿದೆ.

ಮೊದಮೊದಲು ಬಂದವರಲ್ಲಿ ಎರ್ರಿಸ್ವಾಮಿ ಎಂಬ ಹುಡುಗ ಚೆನ್ನಾಗಿ ನೆನಪಿದ್ದಾನೆ. ಸಿರುಗುಪ್ಪದಿಂದಾಚೆ ಹೊಳೆದಂಡೆಯ ಒಂದು ಹಳ್ಳಿಯವನು. ತಂದೆ ಅಕ್ಕಿ ಗಿರಣಿಯ ಲಾರಿ ಓಡಿಸುತ್ತಿದ್ದರು. ಯಾಕಪ್ಪಾ ಬಿಡುತ್ತೀ ಎಂದರೆ, "ತಲೆಗೆ ಹತ್ತವಲ್ದುರಿ ಮೇಡಂ" ಅಂದ. ನಾನು ಅವನಿಗೆ ವಿದ್ಯೆಯ ಬೆಲೆ, ತಂದೆಯ ಕಷ್ಟ, ಓದುವ ಕ್ರಮ ಎಲ್ಲವನ್ನೂ ಹೇಳಿದೆ. ತಲೆಯಾಡಿಸಿದ. ಮರುದಿನ ಮತ್ತೆ ಬಂದು ಅದೇ ಮಾತು ಹೇಳಿದ. ನಾನು ಇನ್ನೊಮ್ಮೆ ಹೇಳತೊಡಗಿದೆ. ಆಗ ಯಾವುದೋ ಸ್ಲೈಡು ಕೇಳಲು ನಾಗರತ್ನ ಒಳಗೆ ಬಂದರು. ಅವನನ್ನು ನೋಡಿ, "ಯಾಕ ತಮ್ಮ, ಮುಖ ಹಿಂಗ ಬಾಡೈತಿ? ರಾತ್ರಿ ಊಟ ಎಷ್ಟೊತ್ತಿಗೆ ಮಾಡಿದಿ?" ಎಂದು ಕೇಳಿದರು.

"ಮಾಡಿಲ್ರಿ. ಮನಿ ಮುಟ್ಟೂದ್ರಾಗ ಎಲ್ಲಾರೂ ಮಲ್ಕೊಂಡಿದ್ರು."

"ಯಾಕ ಅಷ್ಟ್ ತಡ?"

"ಪ್ರಾಕ್ಟಿಕಲ್ ಮುಗಿಸಿ ಸಿರುಗುಪ್ಪಕ್ಕ ಹೋಗೂದ್ರಾಗ ನಮ್ಮೂರ ಬಸ್ ಹೋಗಿರ್ತೈತ್ರಿ. ನಡಕೊಂತ ಹೋಗ್ತೀನ್ರಿ."

ಅಷ್ಟೇ ಸಂಗತಿ. ಪ್ರಾಕ್ಟಿಕಲ್ಲಿಗೆ ಅವನನ್ನು ಬೆಳಗಿನ ಬ್ಯಾಚಿಗೆ ಹಾಕಿದರೆ ಮುಗಿಯಿತು. ಹಾಕಿದೆವು, ಅವನು ಉಳಿದ. ನಾನು ಎರಡು ದಿನ ಮಾತಾಡಿ ಹೊರತರಲಾಗದ್ದನ್ನು ನಾಗರತ್ನ ಬಾಗಿಲಲ್ಲಿ ನಿಂತೇ ಹೊರತಂದಿದ್ದರು. ಸ್ಲೈಡು ಕೇಳಲು ಬಂದದ್ದನ್ನೂ ಮರೆತು ಹೋಗಿಬಿಟ್ಟರು. ಹುಡುಗ ಉಳಿದನಲ್ಲ ಎಂದು ಸಂತೋಷಪಡುವ ಬದಲು, ಆ ಊಟದ ಪ್ರಶ್ನೆ ನನಗೇಕೆ ಹೊಳೆಯಲಿಲ್ಲವೆಂದು ಸಂಜೆಯೆಲ್ಲ ಸಂಕಟಪಟ್ಟೆ. ಆದರೆ ಆ ಪ್ರಶ್ನೆಯನ್ನು ಬಿಡಲಿಲ್ಲ. ಅಲ್ಲಿಂದ ಮುಂದೆ ಯಾರೇ ಬರಲಿ, ಯಾಕೆ ಬಿಡುತ್ತೀ ಎಂದು ಕೇಳುವುದನ್ನೇ ನಿಲ್ಲಿಸಿದೆ. ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗಿನ ನಿನ್ನ ಒಂದು ದಿನ ಹೇಳು ಎನ್ನುತ್ತಿದ್ದೆ. ದಿನ ಹೇಳುತ್ತಾ ಹೋದರೆ ಎಲ್ಲೋ ಒಂದು ಕಡೆ ಮಾತು ತಡವರಿಸುತ್ತದೆ. ಕಷ್ಟ ಇರುವುದು ಅಲ್ಲೇ. ಕಂಟೋನ್ಮೆಂಟಿನ ಹುಡುಗಿಯೊಬ್ಬಳಿಗೆ ಅದು ಮಧ್ಯಾಹ್ನದ ಬಿಡುವಿನ ಹೊತ್ತು. ಅದೇ ಕಾಲೇಜಿನಲ್ಲಿದ್ದ ಅಣ್ಣ ಅವಳು ಯಾರ ಜೊತೆ ನಿಂತಳೆಂದು ಮನೆಗೆ ವರದಿ ಒಪ್ಪಿಸುತ್ತಿದ್ದ. ಅವಳಿಗೆ ಬೇರೆ ಕಾಲೇಜೇ ಸರಿಯೆಂದು ನಾನೇ ಪ್ರಿನ್ಸಿಪಾಲರಿಗೆ ಹೇಳಿ ಟಿ.ಸಿ. ಕೊಡಿಸಿದೆ. ಬಿಡುವುದು ಯಾವಾಗಲೂ ತಪ್ಪಲ್ಲ. ವಿಷಯ ಬೇಡವೇ, ಕಟ್ಟಡ ಬೇಡವೇ, ದಾರಿ ಬೇಡವೇ, ಯಾರಾದರೂ ಒಬ್ಬ ಮನುಷ್ಯ ಬೇಡವೇ ಎಂದು ಮೊದಲು ಬಿಡಿಸಿ ನೋಡಬೇಕು. ಏನೂ ತೊಂದರೆ ಕೊಡದ ಒಬ್ಬ ಮನುಷ್ಯನ ಸಲುವಾಗಿ ಮಾತ್ರ ಬಿಡಬೇಡಿ ಎಂದು ಹುಡುಗರಿಗೆ ಹೇಳುತ್ತಿದ್ದೆ. ಆ ಮಾತನ್ನು ಗಟ್ಟಿಯಾಗಿ, ಮರದ ಗೋಡೆಯಾಚೆ ಕೇಳಿಸುವಂತೆಯೇ ಹೇಳುತ್ತಿದ್ದೆ.

ಕ್ರಮೇಣ ಪದ್ಧತಿಗಳೂ ಬದಲಾದವು. ಮೊದಲೆಲ್ಲ ಹುಡುಗರ ಹಿಂದೆ ಟವೆಲು ಹೆಗಲಿಗೆ ಹಾಕಿಕೊಂಡ ತಂದೆ ಬಂದು ನಿಲ್ಲುತ್ತಿದ್ದರು. ಆಮೇಲೆ ಹುಡುಗರು ಒಬ್ಬರೇ ಬರತೊಡಗಿದರು, ಅದೂ ಬೇರೆ ಕಾಲೇಜಿಗೆ ಮೊಬೈಲಿನಲ್ಲೇ ಅರ್ಜಿ ಹಾಕಿದ ಮೇಲೆ. ಮಾತಾಡಲು ನಮಗೆ ಸಿಗುವ ಹೊತ್ತು ಕಡಿಮೆಯಾಯಿತು. ಆಪ್ತ ಸಮಾಲೋಚನೆ ಎಂಬ ಹೆಸರು ಬಂತು, ಹೊರಗಿನವರು ಬಂದು ತರಬೇತಿ ಕೊಟ್ಟರು. ಎದುರಿನವರ ಮಾತನ್ನು ಅವರಿಗೇ ತಿರುಗಿಸಿ ಹೇಳಬೇಕು ಎಂದರು. ಹಾಗೆ ಹೇಳಿದಾಗ ಒಬ್ಬ ಹುಡುಗ, "ನಾ ಅದನ್ನ ಈಗಷ್ಟ ಹೇಳಿದ್ನಲ್ರಿ ಮೇಡಂ" ಅಂದ. ಮತ್ತೆ ನನ್ನ ಹಳೆಯ ಪ್ರಶ್ನೆಗೇ ಬಂದೆ.

ಹುಲಿಗೆಮ್ಮ ಬಂದದ್ದು ಆ ಕಾಲದಲ್ಲಿ. ಕುರುಗೋಡು ತಾಲೂಕಿನ ಬಾದನಹಟ್ಟಿಯವಳು, ಎರಡನೇ ವರ್ಷದ ಬಿ.ಎಸ್ಸಿ. ನನ್ನ ಬ್ಯಾಚಿನವಳೇ ಅಲ್ಲ. ನಾಗರತ್ನರ ಲ್ಯಾಬಿನ ಹುಡುಗಿ. ಅವಳು ಅವರ ಬಾಗಿಲು ದಾಟಿಕೊಂಡು ನನ್ನ ಬಾಗಿಲಿಗೆ ಬಂದಿದ್ದಳು. ಅದನ್ನು ನಾನು ಮೊದಲ ಕ್ಷಣಕ್ಕೇ ಗಮನಿಸಿದೆ. ಕುರ್ಚಿ ನಾನೇ ಎಳೆದುಕೊಟ್ಟೆ.

"ಕುಂದ್ರವಾ. ಬೆಳಿಗ್ಗೆ ಎದ್ದಾಗಿಂದ ಹೇಳು."

ಎಮ್ಮೆ ಹಾಲು ಕರೆಯುವುದರಿಂದ ಶುರು ಮಾಡಿದಳು. ಬಸ್ಸಿನ ಹತ್ತಿರ ಬಂದಾಗ ಮಾತು ನಿಧಾನವಾಯಿತು.

"ಬಸ್ಸಿನಾಗ ಯಾರಿರ್ತಾರ?"

"ಶಾಂತಾ ಇರ್ತಾಳ್ರಿ. ನಮ್ ದೊಡ್ಡಪ್ಪನ ಮಗಳು. ಬಳ್ಳಾರ್‍ಯಾಗ ನರ್ಸಿಂಗ್ ಓದ್ತಾಳ."

"ಹೂಂ."

"ಆಕಿ ಹತ್ತಿದ ಕೂಡ್ಲೇ ಯಾರಾದ್ರೂ ಎದ್ದು ಸೀಟ್ ಕೊಡ್ತಾರ್ರಿ. ಬಿಳಿ ಕೋಟ್ ಕೈಯಾಗ ಹಿಡ್ಕೊಂಡಿರ್ತಾಳಲ್ಲ. ಮುದುಕರೆಲ್ಲ ಬಿ.ಪಿ. ಗುಳಿಗಿ ತೋರ್ಸಿ ಕೇಳ್ತಾರ. ನಾ ಅಲ್ಲೇ ಕಂಬಿ ಹಿಡ್ಕೊಂಡು ನಿಂತಿರ್ತೀನಿ. ನೀ ಏನ್ ಓದ್ತೀಯವಾ ಅಂತ ಒಬ್ರು ಕೇಳಿದ್ರು. ಪಾಚಿ ಅಂದೆ. ಆ ಪಾಚಿ ಓದಿ ಏನ್ ಮಾಡ್ತಿ ಅಂದ್ರು. ಶಾಂತಾ ನಕ್ಕಳ್ರಿ."

ಕಣ್ಣಲ್ಲಿ ನೀರು ಬಂದಿತ್ತು, ಒರೆಸಿಕೊಳ್ಳಲಿಲ್ಲ. "ಆಕಿ ಏನೂ ತಪ್ಪು ಮಾಡಿಲ್ರಿ. ನನಗ ಆಕಿ ಮುಖ ನೋಡಾಕ ಆಗವಲ್ದು. ನಾನೂ ಇದನ್ನ ಬಿಟ್ಟು ನರ್ಸಿಂಗ್ ಸೇರ್ತೀನಿ. ಇದು ಹೊಟ್ಟಿಕಿಚ್ಚು ಅಂತ ಗೊತ್ತೈತ್ರಿ ಮೇಡಂ. ಹೊಟ್ಟಿಕಿಚ್ಚು ಇದ್ದವರಿಗಿ ನೀವು ಟಿ.ಸಿ. ಕೊಡ್ತೀರೋ ಇಲ್ಲೋ?"

ಅಷ್ಟು ನೇರವಾಗಿ ಆ ಪದವನ್ನು ಯಾರೂ ನನ್ನೆದುರು ಬಳಸಿರಲಿಲ್ಲ. "ನನಗೂ ಐತಿ ನೋಡವಾ" ಎಂದುಬಿಟ್ಟೆ.

"ಯಾರ ಮ್ಯಾಲ್ರಿ?"

ಅಷ್ಟರಲ್ಲಿ ಪಕ್ಕದಿಂದ ಯಾರೋ ಜೋರಾಗಿ ನಕ್ಕರು. ಹುಲಿಗೆಮ್ಮ ಮರದ ಗೋಡೆಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು, ತಲೆ ತಗ್ಗಿಸಿ, "ಎಲ್ಲಾರಿಗೂ ಗೊತ್ತೈತ್ರಿ ಮೇಡಂ" ಅಂದಳು.

ಮುಖ ಕಾದ ಹಾಗಾಯಿತು. ಇಷ್ಟು ವರ್ಷ ಬಚ್ಚಿಟ್ಟೆ ಅಂದುಕೊಂಡದ್ದು ಎರಡನೇ ವರ್ಷದ ಹುಡುಗರಿಗೂ ಗೊತ್ತಿತ್ತು. ಆದರೂ ಅವಳೆದುರು ಒಂಥರಾ ಹಗುರವೂ ಆಯಿತು. ನಾನು ಅವಳಿಗೆ ಹೇಳಿದ್ದು ಇಷ್ಟೇ: ಟಿ.ಸಿ. ಕೊಡಿಸುತ್ತೇನೆ, ಅದಕ್ಕೆ ಮೊದಲು ಶಾಂತಾಳ ಜೊತೆ ಒಂದು ದಿನ ಅವಳ ಆಸ್ಪತ್ರೆಯಲ್ಲಿ ಇದ್ದು ಬಾ. ಅವಳ ಸೀಟು ನೋಡಿದ್ದೀಯ, ಅವಳ ದಿನ ನೋಡಿಲ್ಲ.

ಮುಂದಿನ ವಾರ ಬಂದಳು. ಹೋಗಿದ್ದಳು. ಶಾಂತಾ ಒಬ್ಬ ಮುದುಕಿಯ ಬೆನ್ನಿನ ಹುಣ್ಣು ತೊಳೆಯುವುದನ್ನು, ಹಿರಿಯ ನರ್ಸಿನಿಂದ ಬೈಸಿಕೊಳ್ಳುವುದನ್ನು, ಮಧ್ಯಾಹ್ನದ ಊಟ ಸಂಜೆಗೆ ಮಾಡುವುದನ್ನು ನೋಡಿದ್ದಳು.

"ನನಗ ಆ ಕೆಲಸ ಬ್ಯಾಡ್ರಿ ಮೇಡಂ. ನನ್ನ ಕೈಲಿ ಆಗಂಗಿಲ್ಲ."

"ಹಂಗಾರ ಹೊಟ್ಟಿಕಿಚ್ಚು ಹೋತಲ್ಲ?"

"ಇಲ್ರಿ. ಹಂಗ ಐತಿ. ಆಕಿ ಕೈಲಿ ಆಗ್ತೈತಲ್ಲ, ಅದಕ್ಕ ಇನ್ನೂ ಜಾಸ್ತಿ ಆಗೈತಿ." ಚೀಲ ಹೆಗಲಿಗೇರಿಸುತ್ತಾ ಹೇಳಿದಳು: "ಇಲ್ಲಿದ್ರೂ ಅದು ಇರ್ತೈತಿ, ಎಲ್ಲಿ ಹೋದ್ರೂ ಇರ್ತೈತಿ. ಇಲ್ಲೇ ಇರ್ತೀನ್ರಿ. ಹೆಂಗೂ ಬಸ್ ಪಾಸ್ ಮಾಡ್ಸೀನಿ."

ಅವಳು ಉಳಿದಳು. ನನ್ನ ವೃತ್ತಿಯಲ್ಲಿ ಅಷ್ಟು ಪ್ರಾಮಾಣಿಕವಾಗಿ ಯೋಚಿಸಿ ನಿರ್ಧಾರ ತೆಗೆದುಕೊಂಡ ಇನ್ನೊಬ್ಬ ವಿದ್ಯಾರ್ಥಿ ನೆನಪಿಗೆ ಬರುವುದಿಲ್ಲ. ಆ ಹೆಮ್ಮೆಯಲ್ಲಿ ಕೆಲವು ದಿನ ಓಡಾಡಿದೆ. ನಾಗರತ್ನರನ್ನು ಕಂಡರೆ ನಾನೇ ಮೊದಲು ಮಾತಾಡಿಸುತ್ತಿದ್ದೆ. ಅವರ ಲ್ಯಾಬಿನ ಹುಡುಗಿಯೊಬ್ಬಳು ಅವರನ್ನು ಬಿಟ್ಟು ನನ್ನ ಹತ್ತಿರ ಬಂದಿದ್ದಳಲ್ಲ.

ಒಂದು ದಿನ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಾ ನಾಗರತ್ನ ಹೇಳಿದರು: "ಆ ಬಾದನಹಟ್ಟಿ ಹುಡುಗಿ ಉಳ್ಕೊಂಡ್ಲಂತಲ್ರಿ, ಛಲೋ ಆತು. ನನ್ನ ಮುಂದ ಬಂದು ಅಳಾಕ ಹತ್ತಿದ್ಲು. ನನಗ ನಗಸಾಕ ಬರ್ತೈತಿ, ಇಂಥದಕ್ಕೆಲ್ಲ ನಾ ಅಲ್ಲ, ಸುಮಿತ್ರಾ ಮೇಡಂ ಹತ್ರ ಹೋಗವಾ ಅಂತ ನಾನೇ ಕಳ್ಸಿದೆ."

ಅವರು ಮೆಚ್ಚಿಕೊಂಡೇ ಹೇಳಿದ್ದು, ಅದು ಅರ್ಥವಾಗದಷ್ಟು ದಡ್ಡಿ ನಾನಲ್ಲ. ಆದರೆ ನನ್ನದೆಂದು ಇದ್ದ ಒಂದೇ ಒಂದು ಸಂಗತಿಯೂ ಅವರು ಕೊಟ್ಟದ್ದು ಎಂದು ತಿಳಿದಾಗ ಚಹಾ ಅರ್ಧಕ್ಕೇ ಬಿಟ್ಟು ಎದ್ದೆ.

ಅದೇ ದಿನಗಳಲ್ಲಿ ಸಿರುಗುಪ್ಪದಲ್ಲಿ ಸಸ್ಯಶಾಸ್ತ್ರದ ಒಂದು ಜಾಗ ಖಾಲಿಯಾಗಿತ್ತು. ನಮ್ಮ ಆಡಳಿತ ಮಂಡಳಿಯದೇ ಚಿಕ್ಕ ಕಾಲೇಜು. ಬಳ್ಳಾರಿಯವರು ಯಾರೂ ಅಲ್ಲಿಗೆ ಹೋಗಲು ಒಪ್ಪುತ್ತಿರಲಿಲ್ಲ. ನಾನು ಹುಡುಗರಿಗೆ ಕೇಳುತ್ತಿದ್ದ ಪ್ರಶ್ನೆಗಳನ್ನು ನನಗೇ ಕೇಳಿಕೊಂಡೆ. ವಿಷಯ ಬೇಡವೇ? ಬೇಕು. ಕಟ್ಟಡ? ಚೆನ್ನಾಗಿದೆ. ದಾರಿ? ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಉಳಿದದ್ದು ಒಬ್ಬ ಮನುಷ್ಯ. ಅಂಥದಕ್ಕೆ ಬಿಡಬೇಡಿ ಎಂದು ಹುಡುಗರಿಗೆ ಹೇಳುತ್ತಿದ್ದವಳು ನಾನೇ. ಹುಲಿಗೆಮ್ಮ ಎಲ್ಲಿ ಹೋದರೂ ಅದು ಇರುತ್ತದೆ ಎಂದಿದ್ದಳು. ಅವಳ ಮಾತು ಸರಿಯೆಂದು ಗೊತ್ತಿತ್ತು. ಆದರೆ ಅವಳು ಶಾಂತಾಳ ಜೊತೆ ಇರಬೇಕಾದದ್ದು ಬಸ್ಸಿನಲ್ಲಿ ಮಾತ್ರ. ನನಗೆ ದಿನವಿಡೀ ಗೋಡೆಯಾಚೆ ಆ ನಗು.

ಮನೆಯಲ್ಲಿ ನಮ್ಮವರು, "ದಿನಾ ಹೋಗಿ ಬರೂದು ಅಂದ್ರ ಸುಮ್ನೇನು? ಆ ರಸ್ತೆ, ಆ ಧೂಳು. ಇಲ್ಲಿ ನಿನಗ ಯಾರು ಏನಂದ್ರು?" ಎಂದು ಕೇಳಿದರು. ಯಾರೂ ಏನೂ ಅಂದಿರಲಿಲ್ಲ. "ಬಿಟ್ಟು ಹೋಗಬೇಕು ಅನ್ಸೈತಿ" ಎಂದಷ್ಟೇ ಹೇಳಿದೆ.

ಪ್ರಿನ್ಸಿಪಾಲರಿಗೆ ಹೇಳಿದ ದಿನ ಸಂಜೆ ನಾಗರತ್ನ ನನ್ನ ಲ್ಯಾಬಿಗೆ ಬಂದರು. ಬಾಗಿಲು ಮುಂದೆ ಮಾಡಿ ಸ್ಟೂಲಿನ ಮೇಲೆ ಕೂತರು.

"ನನ್ನ ಸಲುವಾಗಿ ಹೊಂಟೀರೇನ್ರಿ?"

ಸುಳ್ಳು ಹೇಳಬಹುದಿತ್ತು. "ಹೌದ್ರಿ" ಅಂದೆ.

ಅವರು ಮೇಜಿನ ಮೇಲಿದ್ದ ಸೂಕ್ಷ್ಮದರ್ಶಕವನ್ನು ಪಕ್ಕಕ್ಕೆ ಸರಿಸಿದರು. "ನಾ ಏನ್ ಮಾಡೀನಿ ಹೇಳ್ರಿ. ತಿದ್ಕೋತೀನಿ."

"ಏನೂ ಮಾಡಿಲ್ರಿ. ನೀವು ಒಂದೇ ಒಂದು ತಪ್ಪು ಮಾಡಿದ್ರೂ ನನಗ ಇಲ್ಲಿರಾಕ ಆಗ್ತಿತ್ತು."

ಅವರು ನಗಲಿಲ್ಲ. ಎಲ್ಲದಕ್ಕೂ ನಗುವ ಹೆಂಗಸು ಅವತ್ತು ನಗಲಿಲ್ಲ. ಎದ್ದು ಹೋಗುವಾಗ, "ಹೋಗಿ ಬರ್ರಿ. ಅಲ್ಲಿಯ ನೀರು ನಿಮಗ ಹಿಡಿಸ್ಲಿ" ಎಂದರು. ಆ ಮಾತನ್ನು ಅಷ್ಟು ಚೆನ್ನಾಗಿ ಹೇಳಿದ್ದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.

ಸಿರುಗುಪ್ಪದಲ್ಲಿ ನಾನೊಬ್ಬಳೇ ಸಸ್ಯಶಾಸ್ತ್ರದವಳು. ಲ್ಯಾಬಿನಾಚೆ ಗೋಡೆಯಿಲ್ಲ, ಬಯಲು. ಬಯಲಿನಾಚೆ ಕಾಲುವೆ ನೀರಿನ ಭತ್ತದ ಗದ್ದೆ. ಮೊದಲ ತಿಂಗಳುಗಳಲ್ಲಿ ಪಾಠದ ನಡುವೆ ನಿಂತು ನಿಂತು ಕೇಳುತ್ತಿದ್ದೆ. ಅಕ್ಕಿ ಗಿರಣಿಯ ಸದ್ದು ಬಿಟ್ಟರೆ ಏನೂ ಇರುತ್ತಿರಲಿಲ್ಲ. ಕಿವಿಗೆ ಕೆಲಸವಿಲ್ಲದಾದ ಮೇಲೆ ಎದುರು ಕೂತ ಹುಡುಗರು ಕಾಣತೊಡಗಿದರು. ಅವರಿಗೆ ಪಾಠಕ್ಕಿಂತ ಮೊದಲು ಗದ್ದೆ ಗೊತ್ತಿತ್ತು, ಹಾಗಾಗಿ ನಾನು ಗದ್ದೆಯಿಂದಲೇ ಪಾಠ ಶುರು ಮಾಡಿದೆ. ಅವರನ್ನು ಗದ್ದೆಗೆ ಕರೆದುಕೊಂಡು ಹೋಗಿ ಕಳೆ ಕೀಳಿಸಿ ತಂದು, ಬೇರು ತೊಳೆದು ಮೇಜಿನ ಮೇಲೆ ಹರಡಿ ಮಾತಾಡುತ್ತಿದ್ದೆ. ಒಂದು ದಿನ ಏನೋ ಹೇಳಿದೆ, ಇಡೀ ತರಗತಿ ನಕ್ಕಿತು. ನಾನು ತಮಾಷೆ ಮಾಡಿರಲೇ ಇಲ್ಲ. ನಗು ನಿಲ್ಲುವವರೆಗೆ ಸುಮ್ಮನೆ ನಿಂತಿದ್ದೆ.

ಹೊಟ್ಟೆಕಿಚ್ಚಿನಿಂದ ತೆಗೆದುಕೊಂಡ ನಿರ್ಧಾರ ಕೆಟ್ಟದಾಗಲೇಬೇಕೆಂದಿಲ್ಲ ಎಂದು ನಾನು ಅಲ್ಲಿ ಕಲಿತೆ. ಹೊಟ್ಟೆಕಿಚ್ಚೇನೂ ಹೋಗಲಿಲ್ಲ. ಶಿಕ್ಷಕರ ದಿನದಂದು ಬಳ್ಳಾರಿಯ ಹಳೆಯ ವಿದ್ಯಾರ್ಥಿಗಳು ನಾಗರತ್ನರ ಮನೆಯಲ್ಲಿ ತೆಗೆಸಿಕೊಂಡ ಫೋಟೋಗಳು ಮೊಬೈಲಿಗೆ ಬರುತ್ತಿದ್ದವು. ಪ್ರತಿಯೊಂದನ್ನೂ ದೊಡ್ಡದು ಮಾಡಿ, ನನ್ನ ಬ್ಯಾಚಿನವರು ಯಾರಾದರೂ ಇದ್ದಾರೆಯೇ ಎಂದು ನೋಡುತ್ತಿದ್ದೆ. ಇರುತ್ತಿದ್ದರು. ಆದರೆ ಮರುದಿನ ಬೆಳಿಗ್ಗೆ ಸಿರುಗುಪ್ಪದ ಬಸ್ಸು ಹತ್ತಿದರೆ ಅದು ಹಿಂದೆ ಬೀಳುತ್ತಿತ್ತು. ಮೊದಲು ಹಾಗೆ ಹಿಂದೆ ಬೀಳಲು ಜಾಗವೇ ಇರಲಿಲ್ಲ.

ಹುಲಿಗೆಮ್ಮ ಪದವಿ ಮುಗಿಸಿ ಈಗ ಕುರುಗೋಡಿನ ಹತ್ತಿರ ಮೆಣಸಿನಕಾಯಿ ಸಸಿ ಬೆಳೆಸಿ ಮಾರುತ್ತಾಳೆ. ಹಸಿರು ಪರದೆಯ ಕೆಳಗೆ ಸಾಲು ಸಾಲು ತಟ್ಟೆಗಳು. ಅದನ್ನು ಶುರು ಮಾಡಿದ ದಿನದ ಪೂಜೆಗೆ ನನ್ನನ್ನೂ ನಾಗರತ್ನರನ್ನೂ ಕರೆದಿದ್ದಳು. ನನ್ನ ಕಾಲಿಗೆ ಮೊದಲು ನಮಸ್ಕರಿಸಿದಳು. ನಾನು ಬಾಗಿಲಿಗೆ ಹತ್ತಿರ ನಿಂತಿದ್ದೆ, ಅದಕ್ಕೇ ಇರಬೇಕು. ಶಾಂತಾಳೂ ಬಂದಿದ್ದಳು, ಅವಳ ಸುತ್ತ ನಾಲ್ಕು ಮುದುಕಿಯರು ಗುಳಿಗೆ ಹಿಡಿದು ನಿಂತಿದ್ದರು. ಹುಲಿಗೆಮ್ಮ ನನ್ನ ಕಿವಿಯಲ್ಲಿ, "ನೋಡ್ರಿ ಮೇಡಂ, ಇವತ್ತೂ ಎಲ್ಲಾರೂ ಆಕಿ ಸುತ್ತನ" ಅಂದಳು.

ಇನ್ನೊಂದನ್ನು ಹೇಳಿ ಮುಗಿಸುತ್ತೇನೆ. ನಾನು ನಿವೃತ್ತಳಾದ ಮೇಲೆ ನನ್ನ ಜಾಗಕ್ಕೆ ಅಶ್ವಿನಿ ಎಂಬ ಹುಡುಗಿ ಬಂದಳು. ಚುರುಕು, ಒಳ್ಳೆಯ ಓದು. ಈಚೆಗೆ ಅವಳು ಫೋನು ಮಾಡಿ, "ಮೇಡಂ, ನನಗ ಇಲ್ಲಿ ಇರಾಕ ಆಗವಲ್ದು, ಬಿಟ್ಟು ಹೋಗಬೇಕಂತ ಮಾಡೀನಿ" ಎಂದಳು. ಫೋನಿನಲ್ಲಿ ಬೇಡವೆಂದು ನಾನೇ ಸಿರುಗುಪ್ಪಕ್ಕೆ ಹೋದೆ. ಅವಳ ತರಗತಿ ನಡೆಯುತ್ತಿತ್ತು. ಹಿಂದಿನ ಬೆಂಚಿನಲ್ಲಿ ಕೂತು ಕೇಳಿದೆ. ನನಗಿಂತ ಚೆನ್ನಾಗಿ ಪಾಠ ಮಾಡುತ್ತಾಳೆ. ಒಪ್ಪಿಕೊಳ್ಳಲು ಆ ಒಂದು ಗಂಟೆ ಪೂರ್ತಿ ಬೇಕಾಯಿತು.

ಆಮೇಲೆ ಲ್ಯಾಬಿನಲ್ಲಿ ಕೂತು ಅವಳ ದಿನ ಕೇಳಿದೆ. ತರಗತಿಗೆ ಹೋಗುವಲ್ಲಿ ಮಾತು ತಡವರಿಸಿತು.

"ತರಗತ್ಯಾಗ ಯಾರರ ತೊಂದ್ರಿ ಕೊಡ್ತಾರ?"

"ಯಾರೂ ಇಲ್ರಿ."

"ಮತ್ತ?"

ಅವಳು ಬೆರಳಿನಿಂದ ಮೇಜು ಉಜ್ಜುತ್ತಾ ಹೇಳಿದಳು: "ನೀವು ಬ್ಯಾಸರ ಮಾಡ್ಕೋಬ್ಯಾಡ್ರಿ. ಏನ್ ಹೇಳಿದ್ರೂ ಹುಡುಗ್ರು, ಸುಮಿತ್ರಾ ಮೇಡಂ ಹಿಂಗ ಹೇಳ್ತಿದ್ದಿಲ್ಲ, ಭತ್ತದ ಗದ್ದಿಗೆ ಕರ್ಕೊಂಡು ಹೋಗ್ತಿದ್ರು ಅಂತಾರ್ರಿ. ದಿನಾ ಅದ. ನಿಮ್ಮ ಹೆಸರು ಕೇಳಿದ್ರ ನನಗ ಹೊಟ್ಟ್ಯಾಗ ಬೆಂಕಿ ಬಿದ್ದಂಗ ಆಗ್ತೈತಿ."

ಮೊದಲು ನನಗಾದದ್ದು ಸಂತೋಷ. ಅದನ್ನು ಮುಚ್ಚಿಡುವುದಿಲ್ಲ. ಇಡೀ ವೃತ್ತಿಯಲ್ಲಿ ಯಾರೂ ನನ್ನ ಮೇಲೆ ಹೊಟ್ಟೆಕಿಚ್ಚುಪಟ್ಟಿರಲಿಲ್ಲ. ಇನ್ನೊಮ್ಮೆ ಹೇಳಲಿ ಎಂದು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅವಳು ಹೇಳಲಿಲ್ಲ, ಕಣ್ಣು ಒರೆಸಿಕೊಂಡಳು. ಆಗ ನಾಗರತ್ನ ಸ್ಟೂಲಿನ ಮೇಲೆ ಕೂತು ತಿದ್ಕೋತೀನಿ ಅಂದಾಗ ಅವರಿಗೆ ಹೇಗಾಗಿರಬೇಕೆಂದು ತಿಳಿಯಿತು. ಏನೂ ತಪ್ಪು ಮಾಡದವರು ತಿದ್ದಿಕೊಳ್ಳುವುದು ಏನನ್ನು? ಆದರೆ ನನ್ನ ಹತ್ತಿರ ಅವರಿಗಿಲ್ಲದ ಒಂದು ಉಪಾಯವಿತ್ತು. ನಾನು ಆಗಲೇ ಹೋಗಿಯಾಗಿತ್ತು.

"ಬಿಡಬ್ಯಾಡವಾ" ಅಂದೆ. "ನನ್ನ ಪಾಠ ಕೇಳಿದವರು ಈಗ ಕೊನೀ ವರ್ಷದಾಗ, ಎರಡನೇ ವರ್ಷದಾಗ ಅದಾರ. ಅವ್ರು ಪಾಸಾಗಿ ಹೋಗ್ತಾರ. ಆಮ್ಯಾಲ ಈ ಕಾಲೇಜಿನಾಗ ಸುಮಿತ್ರಾ ಅಂದ್ರ ಯಾರು ಅಂತ ಒಬ್ರಿಗೂ ಗೊತ್ತಿರಂಗಿಲ್ಲ."

ಹೇಳುವಾಗ ಸಾಮಾನ್ಯ ಮಾತೆಂಬಂತೆ ಹೇಳಿದೆ. ಹೇಳಿ ಮುಗಿದ ಮೇಲೆ ಅದು ನನಗೇ ಕೇಳಿಸಿತು.

ಅಶ್ವಿನಿ ಮೇಜು ಉಜ್ಜುವುದನ್ನು ನಿಲ್ಲಿಸಿ ತಲೆಯೆತ್ತಿದಳು. ಮುಖ ಎಷ್ಟು ಬೆಳಗಿತೆಂದರೆ, ಒಂದು ಕ್ಷಣ ಅವಳು ಇನ್ನೂ ವಿದ್ಯಾರ್ಥಿನಿಯ ಹಾಗೆ ಕಂಡಳು. "ಹೌದಲ್ರಿ ಮೇಡಂ" ಎಂದಳು. "ನನಗ ಇದು ಹೊಳೀಲೇ ಇಲ್ಲ ನೋಡ್ರಿ."

ಅವಳು ಉಳಿದಿದ್ದಾಳೆ, ಚೆನ್ನಾಗಿಯೂ ಇದ್ದಾಳೆ. ನನ್ನ ಸಲಹೆ ಸರಿಯಾಗಿತ್ತು. ಆದರೂ ಅವತ್ತು ಬಳ್ಳಾರಿಗೆ ಹಿಂತಿರುಗುವ ಬಸ್ಸಿನಲ್ಲಿ ಕೂತಾಗ, ಅವಳು ಅಷ್ಟೊಂದು ಸಂತೋಷಪಡಬೇಕಾಗಿರಲಿಲ್ಲ ಎಂದು ನನಗೆ ದಾರಿಯುದ್ದಕ್ಕೂ ಅನ್ನಿಸುತ್ತಲೇ ಇತ್ತು.